ಯಾವ ಹಾಲು, ಯಾವ ಹುಳಿ?

ಪ್ರಿಯ ಅಕ್ಕೋರೇ,

ಕಾರವಾರದಿಂದ ನೀವು ಕಳಿಸಿದ ‘ಕಲ್ಮಶ: ಲೋಹಗಳ ಒಳಶತ್ರು’ ಲೇಖನ ಓದಿದೆ. ಕಾಗುಣಿತದಲ್ಲಿ ತಪ್ಪಿಲ್ಲ. ಎಂಆರ್‌ಐ ಯಂತ್ರದ ಭಾಗ ಚೆನ್ನಾಗಿದೆ. ಸೂಪರ್‌ಕಂಡಕ್ಟರ್ (ತುಂಬಾ ತಣ್ಣಗಾದಾಗ ಕರೆಂಟಿಗೆ ರೆಸಿಸ್ಟೆನ್ಸ್, ಅಂದರೆ ತಡೆಯೇ, ಇಲ್ಲದಾಗುವ ವಸ್ತು) ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಹಾಗಾಗಿ ಸಂತೋಷ. ಹೊಗಳಿಕೆ ಇಷ್ಟೇ. ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

ನಿಮ್ಮ ಸಾಲು ಹೀಗಿದೆ: “ಹಾಲಿಗೆ ಹುಳಿ ಹಿಂಡಿದಂತೆ, ಒಂದಿಷ್ಟು ಕಲ್ಮಶ ಸೇರಿದರೂ ಸಾಕು, ಸೂಪರ್‌ಕಂಡಕ್ಟರ್ ಕೆಟ್ಟುಹೋಗುತ್ತದೆ.” ಓದಲು ಚಂದ. ಆದರೆ ಯಾವ ಹಾಲು, ಯಾವ ಹುಳಿ? ಅಲ್ಯೂಮಿನಿಯಂ, ಸೀಸದಂಥ ಲೋಹಕ್ಕೆ ಕಾಂತಗುಣವಿಲ್ಲದ ಬೇರೆ ಪರಮಾಣು ಸ್ವಲ್ಪ ಬೆರೆಸಿ ನೋಡಿ. ರೆಸಿಸ್ಟೆನ್ಸ್ ಮಾಯವಾಗುವ ಉಷ್ಣತೆ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಯಾಕೆ ಅಂತ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1959ರಲ್ಲೇ ವಿವರಿಸಿದ್ದಾರೆ. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ. ಈ ಲೋಹಗಳಲ್ಲಿ ಆ ಜೋಡಿಯ ಬಂಧ ಎಲ್ಲ ದಿಕ್ಕಿಗೂ ಒಂದೇ ಥರ. ಕಲ್ಮಶಕ್ಕೆ ಬಡಿದು ಎಲೆಕ್ಟ್ರಾನ್ ದಿಕ್ಕು ಬದಲಿಸಿದರೂ ಜೋಡಿಗೆ ನಷ್ಟವಿಲ್ಲ. ಅದೇ ಲ್ಯಾಂಥನಮ್‌ಗೆ ನೂರಕ್ಕೆ ಒಂದರಷ್ಟು ಗ್ಯಾಡೊಲಿನಿಯಂ ಹಾಕಿದರೆ ಕತೆ ಮುಗಿಯಿತು. ಗ್ಯಾಡೊಲಿನಿಯಂ ಪರಮಾಣು ಒಂದು ಪುಟ್ಟ ಅಯಸ್ಕಾಂತ. ಜೋಡಿಯ ಎರಡು ಎಲೆಕ್ಟ್ರಾನುಗಳನ್ನೂ ಬೇರೆ ಬೇರೆ ಥರ ಎಳೆದು ಬಿಡಿಸಿಬಿಡುತ್ತದೆ.

ಅದರ ಹಿಂದಿನ ಸಾಲು ಇನ್ನೂ ಕಷ್ಟ: “1911ರಲ್ಲಿ ಕಮರ್ಲಿಂಗ್ ಓನ್ಸ್ ಗೆದ್ದದ್ದು ಪಾದರಸ ಶುದ್ಧವಾಗಿದ್ದರಿಂದ.” ಸೂಪರ್‌ಕಂಡಕ್ಟರ್ ಅನ್ನು ಮೊದಲು ಕಂಡ ವಿಜ್ಞಾನಿ ಅವರು. ಬಟ್ಟಿ ಇಳಿಸಿ ಶುದ್ಧ ಮಾಡಬಹುದು ಅಂತಲೇ ಅವರು ಪಾದರಸ ಆರಿಸಿದ್ದು, ನಿಜ. ಆಮೇಲೆ ಕಲ್ಮಶವಿರುವ ಪಾದರಸದಲ್ಲೂ ರೆಸಿಸ್ಟೆನ್ಸ್ ಹಾಗೇ ಮಾಯವಾಯಿತು. ರಸವತ್ತಾದ ಆ ಅರ್ಧವನ್ನೇ ನೀವು ಬಿಟ್ಟಿದ್ದೀರಿ, ಯಾಕೆಂದರೆ ಅದು ಶೀರ್ಷಿಕೆಗೆ ಒಗ್ಗುವುದಿಲ್ಲ. ಅಲ್ವಾ?

ಇನ್ನು ಮೂರನೇ ಪುಟ. “ತಾಮ್ರದ ಆಕ್ಸೈಡ್‌ಗಳಲ್ಲಿ ಸತು ಮತ್ತು ನಿಕ್ಕೆಲ್ ಗಮನಾರ್ಹ ಪರಿಣಾಮ ಬೀರುತ್ತವೆ.” ಇಲ್ಲಿ ಪೆನ್ನು ಕೆಳಗಿಟ್ಟು ಎದ್ದು ಹೋದೆ.

ನಾನು ಕೆಲಸ ಕಲಿತದ್ದು ಶಿರಸಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ನನ್ನದು ಪ್ರೂಫ್ ನೋಡುವ ಕೆಲಸ. ಯಜಮಾನರಿಗೆ ಸ್ವಂತ ತೋಟವಿತ್ತು. ಮಳೆಗಾಲದಲ್ಲಿ ಊರೂರಿನಿಂದ ‘ಮಳೆಯಿಂದ ಅಡಿಕೆಗೆ ತೀವ್ರ ಪರಿಣಾಮ’ ಅಂತ ವರದಿ ಬರುತ್ತಿತ್ತು. ಅವರು ಅದನ್ನು ಅಚ್ಚಿಗೆ ಬಿಡುತ್ತಲೇ ಇರಲಿಲ್ಲ. “ಕೊಳೆರೋಗ ಬಂತೋ, ಬರೀ ಕಾಯಿ ಉದುರಿತೋ? ಮದ್ದು ಹೊಡೆದ ತೋಟಕ್ಕೂ ಬಂತೋ? ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟಿದವರದ್ದು ಏನಾಯ್ತು? ಕೇಳು ಹೋಗು” ಅಂತ ನನ್ನನ್ನೇ ಅಟ್ಟುತ್ತಿದ್ದರು. ಬಸ್ಸಿಗೆ ದುಡ್ಡು ಮಾತ್ರ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಆ ಹಾಳು ಅಭ್ಯಾಸ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹಾಗಾಗಿ ನಿಮ್ಮನ್ನೂ ಕೇಳುತ್ತೇನೆ. ಎಷ್ಟು ಪರಿಣಾಮ? ಯಾವುದರದ್ದು ಜಾಸ್ತಿ? ವೈಬಿಸಿಒ (ಇಟ್ರಿಯಂ, ಬೇರಿಯಂ ಇರುವ ತಾಮ್ರದ ಆಕ್ಸೈಡ್) ಸುಮಾರು 92 ಕೆಲ್ವಿನ್ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ. ದ್ರವ ಸಾರಜನಕದ 77 ಕೆಲ್ವಿನ್ ಸಾಕಾಗುವುದು ಅದಕ್ಕೇ. ಅದರ ತಾಮ್ರದ ಜಾಗದಲ್ಲಿ ನೂರಕ್ಕೆ ಒಂದು ಸತು ಕೂರಿಸಿದರೆ ಸುಮಾರು 10 ಕೆಲ್ವಿನ್ ಇಳಿಯುತ್ತದೆ. ನಿಕ್ಕೆಲ್ ಕಾಂತಗುಣದ್ದು, ಸತು ಅಲ್ಲ. ಆಂಡರ್ಸನ್ ಲೆಕ್ಕದಲ್ಲಿ ನಿಕ್ಕೆಲ್ಲೇ ಜಾಸ್ತಿ ಹಾಳು ಮಾಡಬೇಕಿತ್ತು. ಆದರೆ ಇಲ್ಲಿ ಸತುವೇ ಜಾಸ್ತಿ ಹಾಳು ಮಾಡುತ್ತದೆ! ನಿಮ್ಮ ಇಡೀ ಲೇಖನ ಇದರ ಮೇಲೆ ನಿಲ್ಲಬಹುದಿತ್ತು. ನೀವು ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ್ದೀರಿ.

ಕಾರಣವನ್ನೂ ಬರೆಯಿರಿ, ಕಷ್ಟವೇನಿಲ್ಲ. ಈ ವಸ್ತುಗಳಲ್ಲಿ ಜೋಡಿಯ ಬಂಧ ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಒಂದು ದಿಕ್ಕಿಗೆ ಪ್ಲಸ್, ಅದಕ್ಕೆ ಅಡ್ಡ ದಿಕ್ಕಿಗೆ ಮೈನಸ್. ಎಲೆಕ್ಟ್ರಾನ್ ಬಡಿದು ತಿರುಗಿದರೆ ಪ್ಲಸ್ಸು ಮೈನಸ್ಸು ಬೆರೆತು ಅಳಿಸಿಹೋಗುತ್ತವೆ. ಬಡಿಯುವ ಪರಮಾಣು ಅಯಸ್ಕಾಂತವೇ ಆಗಬೇಕಿಲ್ಲ. ಇನ್ನೊಂದು ಸಂಗತಿಯೂ ಇದೆ. ತಾಮ್ರದ ಎಲೆಕ್ಟ್ರಾನುಗಳು ಒಂದನ್ನೊಂದು ಬಿಟ್ಟು ಇರುವಂಥವಲ್ಲ. ಅಕ್ಕಪಕ್ಕದ ಸ್ಪಿನ್‌ಗಳು (ಎಲೆಕ್ಟ್ರಾನಿನ ಪುಟ್ಟ ಕಾಂತಗುಣ) ಎದುರುಬದುರು ನಿಲ್ಲುತ್ತವೆ. ನಡುವೆ ಸತು ಕೂತರೆ ಅಲ್ಲಿ ಸ್ಪಿನ್ನೇ ಇಲ್ಲ. ಸುತ್ತಲಿನ ತಾಮ್ರದ ಸ್ಪಿನ್‌ಗಳು ಜೊತೆ ಕಳೆದುಕೊಂಡು ತಾವೇ ಪುಟ್ಟ ಅಯಸ್ಕಾಂತದಂತೆ ವರ್ತಿಸತೊಡಗುತ್ತವೆ.

‘ಶತ್ರು’ ಅನ್ನೋ ಶೀರ್ಷಿಕೆ ಬೇಡವೇ ಬೇಡ. ಶುದ್ಧ ಲ್ಯಾಂಥನಮ್ ತಾಮ್ರ ಆಕ್ಸೈಡ್‌ನಲ್ಲಿ ಕರೆಂಟೇ ಹರಿಯುವುದಿಲ್ಲ. 1986ರಲ್ಲಿ ವಿಜ್ಞಾನಿಗಳಾದ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ ಅದಕ್ಕೆ ಬೇರಿಯಂ ಬೆರೆಸಿದ್ದರಿಂದಲೇ ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳ ಈ ಇಡೀ ಸಂಸಾರ ಶುರುವಾದದ್ದು. ನೀವು ಅಷ್ಟು ಹೊಗಳಿದ ಎಂಆರ್‌ಐ ತಂತಿ ನಯೋಬಿಯಂ-ಟೈಟೇನಿಯಂನದ್ದು. ಅದರೊಳಗೆ ಬೇಕಂತಲೇ ದೋಷಗಳನ್ನು ಬೆಳೆಸುತ್ತಾರೆ. ಕಾಂತಕ್ಷೇತ್ರದ ಸುಳಿಗಳು ಅಲ್ಲಿ ಸಿಕ್ಕಿಕೊಂಡು ನಿಂತರೆ ಮಾತ್ರ ಆ ತಂತಿ ದೊಡ್ಡ ಕರೆಂಟ್ ತಡೆದುಕೊಳ್ಳುತ್ತದೆ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಸತು-ನಿಕ್ಕೆಲ್‌ನಿಂದ ಲೇಖನ ಶುರು ಮಾಡಿ, ಓನ್ಸ್ ಅವರನ್ನು ಆಮೇಲೆ ತನ್ನಿ. ಹಾಲು-ಹುಳಿ ತೆಗೆಯಿರಿ. ದೀಪಾವಳಿಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ, ಶಿರಸಿ