ಓದುಗರ ಪ್ರಶ್ನೆ, ನಮ್ಮ ಉತ್ತರ: ಎಐ ಬರುವ ಮುನ್ನ ದಾಖಲೆ ಯಾರ ಹೊಣೆ?

ದೊಡ್ಡ ಸಂಸ್ಥೆಗಳು ಕೃತಕ ಬುದ್ಧಿಮತ್ತೆಯನ್ನು, ಅಂದರೆ ಎಐಯನ್ನು, ಅಳವಡಿಸಿಕೊಳ್ಳುವ ಬಗೆಯ ಕುರಿತು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಹಲವರು ಕೋರಿಕೊಂಡಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಯಂತ್ರ ಕೆಡುವ ಮೊದಲೇ ಸೂಚನೆ ಕೊಡುವ ಎಐ ವ್ಯವಸ್ಥೆಯೊಂದನ್ನು ನಮ್ಮ ಕಾರ್ಖಾನೆಯಲ್ಲಿ ಅಳವಡಿಸಿದ್ದಾರೆ. ಮಾರಾಟಗಾರರ ಪ್ರಾತ್ಯಕ್ಷಿಕೆಯಲ್ಲಿ ಅದು ತುಂಬಾ ಚೆನ್ನಾಗಿ ನಡೆಯಿತು. ನಮ್ಮ ಕನ್ವೇಯರ್‌ಗಳ ಮೇಲೆ ಮಾತ್ರ ಸುಳ್ಳು ಎಚ್ಚರಿಕೆಗಳೇ ಹೆಚ್ಚು. ಹತ್ತು ವರ್ಷಗಳ ಸೆನ್ಸರ್ ದತ್ತಾಂಶ ನಮ್ಮಲ್ಲಿದೆ. ಆದರೂ ಹೀಗೇಕೆ?
– ನಿರ್ವಹಣಾ ವಿಭಾಗದ ಎಂಜಿನಿಯರ್, ಗಿಣಿಗೇರಾ ಭಾಗ

ಉತ್ತರ: ಹತ್ತು ವರ್ಷಗಳ ದತ್ತಾಂಶ ಇದೆ ಎಂದರೆ ಸಾಮಾನ್ಯವಾಗಿ ಉಷ್ಣತೆ, ಕಂಪನ, ಮೋಟರ್ ಎಳೆಯುವ ಕರೆಂಟ್ ಇವುಗಳ ಅಂಕಿಗಳಿವೆ ಎಂದಷ್ಟೇ ತಿಳಿಯಬೇಕು. ಯಂತ್ರ ಯಾವಾಗ ಕೆಟ್ಟಿತು, ಅದರ ಯಾವ ಭಾಗ ಕೆಟ್ಟಿತು ಎಂಬುದು ಆ ಅಂಕಿಗಳಲ್ಲಿ ಇರುವುದಿಲ್ಲ. ಅದು ಪಾಳಿಯ ಲಾಗ್‌ಬುಕ್ಕಿನಲ್ಲಿರುತ್ತದೆ, ಅಲ್ಲಿಯೂ ಎಷ್ಟೋ ಸಲ ‘ಬೆಲ್ಟ್ ನಿಂತಿತ್ತು, ಸರಿಪಡಿಸಲಾಗಿದೆ’ ಎಂಬ ಒಂದೇ ಸಾಲು ಇರುತ್ತದೆ. ಬೇರಿಂಗ್ ಹೋಗಿತ್ತೋ, ಬೆಲ್ಟಿನ ಜೋಡಣೆ ಬಿಟ್ಟಿತ್ತೋ, ಅದಿರಿನ ಗಡ್ಡೆ ಸಿಕ್ಕಿಕೊಂಡಿತ್ತೋ ಎಂದು ಬರೆಯದಿದ್ದರೆ, ಕಲಿಯುವ ತಂತ್ರಾಂಶಕ್ಕೆ ಈ ಮೂರು ಘಟನೆಗಳೂ ಒಂದೇ ಆಗಿಬಿಡುತ್ತವೆ ಮತ್ತು ಅದು ಮೂರಕ್ಕೂ ಹೊಂದದ ಒಂದು ಸರಾಸರಿ ಲಕ್ಷಣವನ್ನು ಕಲಿಯುತ್ತದೆ.

ಎರಡನೆಯ ತೊಡಕು ಹೆಸರಿನದು. ಒಂದೇ ಮೋಟರಿಗೆ ಕಂಟ್ರೋಲ್ ರೂಮಿನಲ್ಲಿ ಒಂದು ಸಂಕೇತ, ಸ್ಟೋರ್ಸ್ ವಿಭಾಗದಲ್ಲಿ ಇನ್ನೊಂದು, ಲೆಕ್ಕಪತ್ರ ವಿಭಾಗದ ತಂತ್ರಾಂಶದಲ್ಲಿ ಮತ್ತೊಂದು ಇರುವ ಕಾರ್ಖಾನೆಗಳು ವಿರಳವೇನಲ್ಲ. ಬೇರಿಂಗ್ ಬದಲಿಸಿದ ದಿನಾಂಕ ಸ್ಟೋರ್ಸ್‌ನಲ್ಲಿ ದಾಖಲಾಗಿದ್ದರೂ ಅದನ್ನು ಆ ಮೋಟರಿನ ಕಂಪನದ ಅಂಕಿಗಳ ಪಕ್ಕದಲ್ಲಿ ಇಟ್ಟು ನೋಡಲು ಆಗುವುದಿಲ್ಲ. ಬೇರೆ ಬೇರೆ ವ್ಯವಸ್ಥೆಗಳ ಗಡಿಯಾರಗಳು ಹತ್ತಿಪ್ಪತ್ತು ನಿಮಿಷ ಹಿಂದುಮುಂದಾಗಿದ್ದರಂತೂ ಕಾರಣವು ಪರಿಣಾಮದ ನಂತರ ಬಂದಂತೆ ದಾಖಲೆ ಹೇಳುತ್ತದೆ. ಇದಲ್ಲದೆ, ಜಾಗ ಉಳಿಸಲೆಂದು ಹಳೆಯ ಅಂಕಿಗಳನ್ನು ಸರಾಸರಿಯಾಗಿ ಕುಗ್ಗಿಸಿಡುವ ಪದ್ಧತಿಯೂ ಇದೆ. ಬೇರಿಂಗ್ ಸವೆಯುವ ಮೊದಲ ಸುಳಿವು ಸೂಕ್ಷ್ಮ ಕಂಪನದಲ್ಲಿ ಕಾಣುವಂಥದ್ದು, ಹತ್ತು ನಿಮಿಷದ ಸರಾಸರಿಯಲ್ಲಿ ಅದು ಅಳಿಸಿಹೋಗಿರುತ್ತದೆ.

ಪ್ರಾತ್ಯಕ್ಷಿಕೆ ಚೆನ್ನಾಗಿ ನಡೆಯಲು ಇನ್ನೊಂದು ಕಾರಣವಿರಬಹುದು, ಇದನ್ನು ಮಾರಾಟಗಾರರಲ್ಲಿ ನೇರವಾಗಿಯೇ ಕೇಳಿ. ಪರೀಕ್ಷೆಗೆ ಬಳಸಿದ ದಿನಗಳು ಕಲಿಕೆಗೆ ಬಳಸಿದ ದಿನಗಳ ನಡುನಡುವಿನಿಂದಲೇ ಆಯ್ದವಾಗಿದ್ದರೆ, ಸೋಮವಾರ ಮತ್ತು ಬುಧವಾರವನ್ನು ನೋಡಿರುವ ತಂತ್ರಾಂಶ ಮಂಗಳವಾರವನ್ನು ಊಹಿಸುವುದು ದೊಡ್ಡ ಮಾತಲ್ಲ. ನಿಮ್ಮ ಕಾರ್ಖಾನೆಯ ಹಿಂದಿನ ವರ್ಷಗಳ ಅಂಕಿಗಳಿಂದ ಕಲಿಸಿ, ಅದು ಎಂದೂ ಕಾಣದ ಇತ್ತೀಚಿನ ಆರು ತಿಂಗಳ ಮೇಲೆ ಪರೀಕ್ಷಿಸಿ ತೋರಿಸಬೇಕೆಂದು ಪಟ್ಟುಹಿಡಿಯಿರಿ. ಮುಂದಿನ ಕೆಲಸಕ್ಕೆ ಇಡೀ ಕಾರ್ಖಾನೆಯ ದತ್ತಾಂಶವನ್ನು ಶುದ್ಧಗೊಳಿಸುವ ಅಗತ್ಯವಿಲ್ಲ. ಹೆಚ್ಚು ನಷ್ಟ ಉಂಟುಮಾಡುವ ಒಂದು ಸಾಲಿನ ಕನ್ವೇಯರ್‌ಗಳನ್ನು ಆರಿಸಿ, ಪ್ರತಿ ಯಂತ್ರಕ್ಕೂ ಎಲ್ಲ ವಿಭಾಗಗಳೂ ಒಪ್ಪುವ ಒಂದೇ ಸಂಖ್ಯೆ ಕೊಡಿಸಿ, ಯಂತ್ರ ಕೆಡುವ ಕಾರಣಗಳ ಚಿಕ್ಕ ಪಟ್ಟಿಯೊಂದನ್ನು ಫೋರ್‌ಮನ್‌ಗಳ ಜೊತೆ ಕೂತು ತಯಾರಿಸಿ. ಪಾಳಿ ಮುಗಿಸುವ ಅವಸರದಲ್ಲಿರುವವರು ನಲವತ್ತು ಕಾರಣಗಳ ಪಟ್ಟಿಯಲ್ಲಿ ‘ಇತರೆ’ಯನ್ನೇ ಒತ್ತುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಪ್ರಶ್ನೆ: ಎಐಗೆ ಮೊದಲು ದತ್ತಾಂಶದ ಬುನಾದಿ ಗಟ್ಟಿಯಾಗಬೇಕು ಎಂದು ಎಲ್ಲೆಡೆ ಓದುತ್ತೇನೆ. ಬ್ಯಾಂಕಿನಂತಹ ಸಂಸ್ಥೆಯಲ್ಲಿ ಹಾಗೆಂದರೆ ನಿಜವಾಗಿ ಏನು ಮಾಡುತ್ತಾರೆ?
– ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ನಿಮ್ಮ ಊರಿನಲ್ಲೇ ಪ್ರಧಾನ ಕಚೇರಿ ಇರುವ ಗ್ರಾಮೀಣ ಬ್ಯಾಂಕನ್ನು ನೆನಪಿಸಿಕೊಳ್ಳಿ. ಪ್ರಗತಿ ಕೃಷ್ಣಾ ಮತ್ತು ಕಾವೇರಿ ಗ್ರಾಮೀಣ ಬ್ಯಾಂಕುಗಳು 2019ರ ಏಪ್ರಿಲ್ 1ರಂದು ಒಂದಾದವು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಸೇರಿ, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. ಇಂತಹ ಯಾವುದೇ ವಿಲೀನದಲ್ಲಿ ಮೊದಲು ಎದುರಾಗುವ ಪ್ರಶ್ನೆ, ಎರಡು ಬ್ಯಾಂಕುಗಳ ಪುಸ್ತಕದಲ್ಲಿರುವ ಇಬ್ಬರು ಮಲ್ಲಿಕಾರ್ಜುನರು ಒಬ್ಬರೇ ಆಗಿರಬಹುದೇ ಎಂಬುದು. ಇಂಗ್ಲಿಷಿನಲ್ಲಿ ಆ ಹೆಸರನ್ನು ಹತ್ತಾರು ಬಗೆಯಲ್ಲಿ ಬರೆಯುತ್ತಾರೆ, ಊರಿನ ಹೆಸರು ಕೆಲವರಿಗೆ ಹೆಸರಿನ ಮೊದಲು, ಕೆಲವರಿಗೆ ಕೊನೆಯಲ್ಲಿ, ಕೆಲವರಿಗೆ ಇಲ್ಲವೇ ಇಲ್ಲ. ಆಧಾರ್, ಪ್ಯಾನ್ ಇದ್ದಲ್ಲಿ ಹೊಂದಿಸುವುದು ಸುಲಭ. ಅವು ಜೋಡಣೆಯಾಗದ ಹಳೆಯ ಖಾತೆಗಳಲ್ಲಿ ಖಚಿತವಾದವನ್ನು ಗಣಕ ಹೊಂದಿಸಿ, ಅನುಮಾನ ಇರುವವನ್ನು ಶಾಖೆಯ ಸಿಬ್ಬಂದಿಗೆ ಕಳಿಸುವುದೇ ಕ್ಷೇಮ, ಏಕೆಂದರೆ ಒಬ್ಬನೇ ಗ್ರಾಹಕ ಎರಡು ಕಡೆ ಕಾಣುವುದಕ್ಕಿಂತ ಇಬ್ಬರು ಗ್ರಾಹಕರು ಒಬ್ಬನಾಗಿ ಬೆರೆತು ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಬರುವುದು ಹೆಚ್ಚಿನ ಅನಾಹುತ.

ಅದಕ್ಕಿಂತ ನಾಜೂಕಾದ ವಿಷಯ ಸ್ಥಳದ್ದು, ಮತ್ತು ನಮ್ಮ ಭಾಗದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಥೆ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆ ಬಂತು. ಹರಪನಹಳ್ಳಿಯಂತೂ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಈಗ ಹರಪನಹಳ್ಳಿಯ ಖಾತೆದಾರನ ಜಿಲ್ಲೆಯನ್ನು ತಿದ್ದಿ ‘ವಿಜಯನಗರ’ ಎಂದಷ್ಟೇ ಉಳಿಸಿದರೆ 2010ರ ಸಾಲದ ವರದಿ ಸುಳ್ಳಾಗುತ್ತದೆ, ತಿದ್ದದಿದ್ದರೆ ಇಂದಿನ ವರದಿ ಸುಳ್ಳಾಗುತ್ತದೆ. ಸಾಲ ಮರುಪಾವತಿಯನ್ನು ಅಂದಾಜಿಸುವ ತಂತ್ರಾಂಶವೊಂದು ಇದೇ ದಾಖಲೆಯಿಂದ ಕಲಿತರೆ, 2021ರಲ್ಲಿ ಬಳ್ಳಾರಿಯ ಸಾಲಗಾರರ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿಯಿತೆಂದು ತಿಳಿದುಕೊಂಡೀತು. ಪರಿಹಾರವೆಂದರೆ ಹಳೆಯದನ್ನು ಅಳಿಸದೆ, ಯಾವ ಜಿಲ್ಲೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಬರೆದಿಡುವುದು ಮತ್ತು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸಂಸ್ಥೆಗಳ ಡೈರೆಕ್ಟರಿ ನೀಡುವಂತಹ ಸಂಕೇತ ಸಂಖ್ಯೆಗಳನ್ನು ಎಲ್ಲ ವಿಭಾಗಗಳಲ್ಲೂ ಬಳಸುವುದು. ನೀವು ಓದಿದ ಬುನಾದಿಯ ಕೆಲಸದ ಬಹುಪಾಲು ಇಂಥದ್ದೇ. ಅದರಲ್ಲಿ ಎಐ ಎಂಬುದು ಇನ್ನೂ ಕಾಲಿಟ್ಟೇ ಇರುವುದಿಲ್ಲ.

ಪ್ರಶ್ನೆ: ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಗುವುದನ್ನು ಎಐ ಮೊದಲೇ ಹೇಳಬಹುದಿತ್ತೇ? ನೀರಾವರಿ ಇಲಾಖೆಗಳು ಇದರ ಮೇಲೆ ಹಣ ಹಾಕಬೇಕೇ?
– ಕೃಷಿಕರು, ಮುನಿರಾಬಾದ್

ಉತ್ತರ: 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಒಂದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ಘಟನೆಯಿಂದ ಈ ಪ್ರಶ್ನೆ ಹುಟ್ಟಿದೆ. ಸರಪಳಿಯ ಕೊಂಡಿಗಳ ಮೇಲಿನ ಭಾರ, ತುಕ್ಕು, ಸವೆತ ಇವನ್ನು ವರ್ಷಗಟ್ಟಲೆ ಅಳೆದು ಬರೆದಿಟ್ಟಿದ್ದರೆ ಮಾತ್ರ ಯಾವ ತಂತ್ರಾಂಶವಾದರೂ ಹೇಳಲು ಏನಾದರೂ ಇರುತ್ತದೆ. ಹಾಗೆ ಅಳೆದಿದ್ದರೆ, ಆ ಅಂಕಿಗಳನ್ನು ನೋಡಿದ ಅನುಭವಿ ಎಂಜಿನಿಯರಿಗೇ ಎಐ ಇಲ್ಲದೆಯೂ ವಿಷಯ ತಿಳಿಯುತ್ತದೆ. ಏಳು ದಶಕಗಳಲ್ಲಿ ತೀರಾ ವಿರಳವಾಗಿ ಆಗುವ ಘಟನೆಯಿಂದ ಯಂತ್ರ ಕಲಿಯಲಾರದು. ಆದ್ದರಿಂದ ಗೇಟಿನ ವಿಷಯದಲ್ಲಿ ನನ್ನ ಮತ ಪರಿಶೀಲನೆಗೆ ಮತ್ತು ಬದಲಾವಣೆಗೆ ಹಣ ಹಾಕಿ ಎಂದೇ.

ಒಳಹರಿವಿನ ಅಂದಾಜು ಬೇರೆ ಮಾತು. ಮೇಲ್ಭಾಗದ ಮಳೆ, ತುಂಗಾ ಮತ್ತು ಭದ್ರಾ ಜಲಾಶಯಗಳಿಂದ ಬಿಟ್ಟ ನೀರು, ಇಲ್ಲಿನ ಮಟ್ಟ ಇವೆಲ್ಲ ದಿನದಿನವೂ ದಾಖಲಾಗುತ್ತವೆ, ಅಲ್ಲಿ ಎಐ ನಿಜಕ್ಕೂ ನೆರವಾಗಬಲ್ಲದು. ಆದರೂ ಒಂದು ಎಚ್ಚರಿಕೆ ಬೇಕು. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳಿನಿಂದ ಇಳಿದಿದೆ, 2008ರ ಸಮೀಕ್ಷೆ ಅದನ್ನು 100.855 ಎಂದಿತು, 2016ರ ಸಮೀಕ್ಷೆ 105.788 ಎಂದಿತು. ಅಂದರೆ 1,633 ಅಡಿಯ ಪೂರ್ಣ ಮಟ್ಟ ಎಂಬ ಒಂದೇ ಅಂಕಿಗೆ ಬೇರೆ ಬೇರೆ ವರ್ಷಗಳ ಕಡತದಲ್ಲಿ ಬೇರೆ ಬೇರೆ ನೀರಿನ ಪ್ರಮಾಣ ಸಿಗುತ್ತದೆ. ಯಾವ ವರ್ಷದ ಸಂಗ್ರಹವನ್ನು ಯಾವ ಸಮೀಕ್ಷೆಯ ಕೋಷ್ಟಕದಿಂದ ಲೆಕ್ಕ ಹಾಕಿದ್ದು ಎಂಬ ಟಿಪ್ಪಣಿಯಿಲ್ಲದೆ ಆ ಅಂಕಿಗಳನ್ನು ತಂತ್ರಾಂಶಕ್ಕೆ ಸುರಿದರೆ, ಸಮೀಕ್ಷೆ ಬದಲಾದ ದಿನ ಜಲಾಶಯಕ್ಕೆ ಎಲ್ಲಿಂದಲೋ ಐದು ಟಿಎಂಸಿ ಹರಿದುಬಂತೆಂದು ಅದು ನಂಬುತ್ತದೆ.

ಪ್ರಶ್ನೆ: ನಮ್ಮ ಕಚೇರಿಯ ಸಾವಿರಾರು ಸುತ್ತೋಲೆಗಳನ್ನು ಹಾಕಿ, ಸಾರ್ವಜನಿಕರಿಗೆ ಕನ್ನಡದಲ್ಲಿ ಉತ್ತರಿಸುವ ಚಾಟ್‌ಬಾಟ್ ಮಾಡಿಸುವ ಪ್ರಸ್ತಾವ ಬಂದಿದೆ. ಏನು ಗಮನಿಸಬೇಕು?
– ಸರ್ಕಾರಿ ಸ್ವಾಮ್ಯದ ಸಂಸ್ಥೆಯೊಂದರ ಪ್ರಥಮ ದರ್ಜೆ ಸಹಾಯಕರು, ರಾಯಚೂರು

ಉತ್ತರ: ನಿಮ್ಮ ಹಳೆಯ ಕಡತಗಳು ಯಾವ ಅಕ್ಷರ ವಿನ್ಯಾಸದಲ್ಲಿವೆ ಎಂದು ಮೊದಲು ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಪತ್ರಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ರೋಮನ್ ಅಕ್ಷರಗಳ ಗೊಂದಲವಾಗಿರುತ್ತವೆ. ಅವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಗಣಕಗಳೂ ಕನ್ನಡವೆಂದೇ ಓದುವ ಸಂಕೇತಕ್ಕೆ, ಪರಿವರ್ತಿಸದೆ ಚಾಟ್‌ಬಾಟ್‌ಗೆ ಕೊಟ್ಟರೆ ಅದಕ್ಕೆ ಅರ್ಥವಾಗುವುದು ಏನೂ ಇಲ್ಲ. ಪರಿವರ್ತಕಗಳು ಲಭ್ಯವಿವೆ, ಆದರೆ ಒತ್ತಕ್ಷರಗಳನ್ನೂ ಕೋಷ್ಟಕಗಳನ್ನೂ ಕಣ್ಣಾರೆ ಪರಿಶೀಲಿಸಬೇಕು. ಸ್ಕ್ಯಾನ್ ಮಾಡಿದ ಪ್ರತಿಗಳಲ್ಲಿ ಇನ್ನೊಂದು ಕಾಟವಿದೆ: ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ನೋಡಲು ಒಂದೇ ಆಗಿರುವುದರಿಂದ ದರಪಟ್ಟಿಯ ಅಂಕಿಯೊಂದು ಅಕ್ಷರವಾಗಿ ಓದಲ್ಪಟ್ಟು ಮೊತ್ತವೇ ಕೆಡಬಹುದು.

ಅದಾದ ಮೇಲಿನ ದೊಡ್ಡ ಕೆಲಸ, ಯಾವ ಸುತ್ತೋಲೆ ಈಗಲೂ ಜಾರಿಯಲ್ಲಿದೆ ಎಂದು ಗುರುತಿಸುವುದು. ಇಂತಹ ಚಾಟ್‌ಬಾಟ್‌ಗಳು ಪ್ರಶ್ನೆಗೆ ಹತ್ತಿರವಾದ ಪುಟಗಳನ್ನು ಹುಡುಕಿ ತೆಗೆದು, ಅವುಗಳಿಂದ ಉತ್ತರ ಹೊಸೆಯುತ್ತವೆ. 2012ರ ಸುತ್ತೋಲೆಯನ್ನು 2019ರದು ರದ್ದುಪಡಿಸಿದೆ ಎಂಬ ಕೊಂಡಿಯನ್ನು ಯಾರಾದರೂ ದಾಖಲಿಸದಿದ್ದರೆ, ಪದಗಳು ಹೆಚ್ಚು ಹೊಂದುವ ಹಳೆಯದನ್ನೇ ಅದು ಆತ್ಮವಿಶ್ವಾಸದಿಂದ ಓದಿಹೇಳುತ್ತದೆ. ಈ ಕೊಂಡಿಗಳನ್ನು ಹಾಕಬಲ್ಲವರು ಗುತ್ತಿಗೆದಾರರ ತಂತ್ರಜ್ಞರಲ್ಲ. ನಿಮ್ಮಂತಹ, ಕಡತದ ಹಾದಿ ಬಲ್ಲ ಸಹಾಯಕರು ಮತ್ತು ಅಧೀಕ್ಷಕರು. ಪ್ರಸ್ತಾವದಲ್ಲಿ ನಿಮ್ಮ ಸಮಯಕ್ಕೆ ಅವಕಾಶ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದನ್ನು ಹಿಂದಿರುಗಿಸುವುದು ಒಳಿತು. ತಪ್ಪು ಉತ್ತರಕ್ಕೆ ಯಂತ್ರವೇ ಹೊಣೆ ಎಂದು ಕೈತೊಳೆದುಕೊಳ್ಳಲೂ ಆಗದು. ಕೆನಡಾದಲ್ಲಿ ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್ ರಿಯಾಯಿತಿ ದರದ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟಾಗ, ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಸಂಸ್ಥೆಯನ್ನೇ ಹೊಣೆ ಮಾಡಿ ಪರಿಹಾರ ಕೊಡಿಸಿತು.

ಪ್ರಶ್ನೆ: ಅಕ್ಕಿ ಗಿರಣಿಯವರಾದ ನಮಗೂ ಇದೆಲ್ಲ ಬೇಕೇ?
– ಗಿರಣಿ ಮಾಲೀಕರು, ಗಂಗಾವತಿ

ಉತ್ತರ: ಸದ್ಯಕ್ಕೆ ಬೇಡ. ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಊದಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ನಿಮ್ಮಲ್ಲಿ ಈಗಾಗಲೇ ಇದ್ದೀತು. ಆದರೆ ದೊಡ್ಡ ಖರೀದಿದಾರರು ಪ್ರತಿ ಲಾಟಿನ ಮೂಲ, ತೇವಾಂಶ, ನುಚ್ಚಿನ ಪ್ರಮಾಣ ಕೇಳಲಾರಂಭಿಸಿದರೆ ಕೊಡಲು ಸಿದ್ಧರಿರಿ. ಅದಕ್ಕೆ ಲಾಟಿಗೊಂದು ಸಂಖ್ಯೆ ಮತ್ತು ತಪ್ಪದೆ ತುಂಬುವ ಒಂದು ಎಕ್ಸೆಲ್ ಹಾಳೆ ಸಾಕು.

ಪ್ರಶ್ನೆ: ಕಾರ್ಮಿಕರ ಹಾಜರಾತಿ, ಮುಖದ ಗುರುತು, ವಾರ್ಷಿಕ ಆರೋಗ್ಯ ತಪಾಸಣೆಯ ವಿವರಗಳನ್ನು ನಮ್ಮ ಕಂಪನಿ ಎಐ ವಿಶ್ಲೇಷಣೆಗೆ ಬಳಸುವುದಾಗಿ ಹೇಳಿದೆ. ನಮ್ಮ ಒಪ್ಪಿಗೆ ಬೇಡವೇ?
– ಕಾರ್ಮಿಕ ಸಂಘದ ಸದಸ್ಯರು, ಸಂಡೂರು ತಾಲ್ಲೂಕು

ಉತ್ತರ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಆಗಿನಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಉದ್ಯೋಗದ ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಕಾಯ್ದೆ ಕೆಲಮಟ್ಟಿಗೆ ಅವಕಾಶ ಕೊಡುತ್ತದೆ. ಸಂಬಳ ಲೆಕ್ಕ ಹಾಕಲು ಹಾಜರಾತಿ ನೋಡುವುದು ಅದರೊಳಗೆ ಬರುತ್ತದೆ ಎನ್ನಬಹುದು. ಆದರೆ ಸುರಕ್ಷತೆಗೆಂದು ಮಾಡಿದ ಆರೋಗ್ಯ ತಪಾಸಣೆಯ ವರದಿಯನ್ನು ಯಾರನ್ನು ಮುಂದುವರಿಸಬೇಕು, ಯಾರನ್ನು ಕೈಬಿಡಬೇಕು ಎಂಬ ವಿಶ್ಲೇಷಣೆಗೆ ಒಯ್ಯುವುದೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ ಎಂದು ನನಗೆ ಅನಿಸುವುದಿಲ್ಲ. ಹೊರಗಿನ ಕಂಪನಿಯ ಎಐ ಸೇವೆಗೆ ಈ ವಿವರಗಳನ್ನು ಕಳಿಸಿದರೂ ಕಾನೂನಿನ ಕಣ್ಣಲ್ಲಿ ಹೊಣೆ ನಿಮ್ಮ ಕಂಪನಿಯದೇ, ಮತ್ತು ಸೂಕ್ತ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು.

ಆದ್ದರಿಂದ ಸಂಘದ ವತಿಯಿಂದ ಆಡಳಿತಕ್ಕೆ ಲಿಖಿತವಾಗಿ ಕೇಳಿ: ಯಾವ ವಿವರಗಳನ್ನು, ಯಾವ ನಿರ್ಧಾರಕ್ಕಾಗಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ತಪ್ಪಿದ್ದರೆ ತಿದ್ದುವವರು ಯಾರು? ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕಾಯ್ದೆಯೇ ಕೊಟ್ಟಿರುವುದರಿಂದ, ಇಂಗ್ಲಿಷ್ ನಮೂನೆಗೆ ಸಹಿ ಹಾಕುವ ಮೊದಲು ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ.