ಮೇಳ ಬಿಟ್ಟವರ ಮಳೆಗಾಲ

ಜೂನ್ ತಿಂಗಳು ಬಂತೆಂದರೆ ಶಿರಸಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಒಂದು ಬಗೆಯ ದಂಪತಿ ಬಂದೇ ಬರುತ್ತಾರೆ. ಗಂಡ ಯಕ್ಷಗಾನ ಮೇಳದ ವೇಷಧಾರಿ. ಮಾತು ಕಡಿಮೆಯಾಗಿದೆ, ರಾತ್ರಿ ನಿದ್ದೆ ಇಲ್ಲ. ಆರು ತಿಂಗಳು ರಾತ್ರಿ ಕುಣಿದು ಹಗಲು ಮಲಗಿದವರಿಗೆ ಮಳೆಗಾಲದ ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು ಸಹಜ. ಆದರೆ ಇವರದು ಅಷ್ಟೇ ಆಗಿರುವುದಿಲ್ಲ. ಮುಂದಿನ ತಿರುಗಾಟಕ್ಕೆ, ಅಂದರೆ ಊರೂರು ಸುತ್ತಿ ಆಟವಾಡುವ ಹಂಗಾಮಿಗೆ, ಮೇಳ ಕರೆದಿಲ್ಲ, ಅಥವಾ ಕರೆದರೂ ಮೈ ಒಪ್ಪುತ್ತಿಲ್ಲ. ಮತ್ತೆ ಮತ್ತೆ ನೋಡುತ್ತಿರುವುದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಇವರು ಹೊನ್ನಾವರ ಕಡೆಯವರು. ನಲವತ್ತು ದಾಟಿದೆ. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಪುಂಡುವೇಷ, ಅಂದರೆ ತರುಣ ವೀರರ ಪಾತ್ರ: ಅಭಿಮನ್ಯು, ಬಭ್ರುವಾಹನ ಮೊದಲಾದವರು. ಎಲ್ಲರೂ ಹುಡುಗರು, ಎಲ್ಲರಿಗೂ ಜಾಸ್ತಿ ಕುಣಿತ. ಅದರಲ್ಲೂ ಮಂಡಿ ಊರಿ ಗಿರಗಿರ ತಿರುಗುವುದಕ್ಕೆ ಜನ ಕಾದಿರುತ್ತಾರೆ. ಇಪ್ಪತ್ತು ವರ್ಷ ತಿರುಗಿದ ಮಂಡಿ ಈಗ ಬಗ್ಗುವುದಿಲ್ಲ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಎರಡು ತಿರುಗಾಟ ಮುಗಿಸಿದ್ದರು. "ಮುಂದಿನ ವರ್ಷದ್ದು ನೋಡುವ" ಎಂದಿದ್ದರಂತೆ ಮೇಳದ ಯಜಮಾನರು. ಅದರ ಅರ್ಥ ಎಲ್ಲರಿಗೂ ಗೊತ್ತು.

ಮೊದಮೊದಲು ಅವರು ಹೇಳುತ್ತಿದ್ದುದು ಎರಡೇ ಮಾತು. ಒಂದು, "ಚಿಟ್ಟಾಣಿಯವರು ಎಂಬತ್ತು ದಾಟಿದ ಮೇಲೂ ಕುಣಿದರು, ನನಗೆ ಇಷ್ಟು ಬೇಗ ಮುಗೀತಾ?" ಇನ್ನೊಂದು, "ಕುಣಿತ ಬಿಟ್ಟು ನನಗೆ ಎಂತದೂ ಬರೂದಿಲ್ಲ."

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ನಮ್ಮ ಜಿಲ್ಲೆಯ ಪ್ರತಿ ವೇಷಧಾರಿಯ ಬಾಯಲ್ಲೂ ಬರುತ್ತದೆ. ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗಲೂ ಅವರು ವೇಷ ಮಾಡುತ್ತಿದ್ದರು. ಅಂಥವರು ಇದ್ದರೆಂಬುದು ನಮ್ಮ ಪುಣ್ಯ. ಆದರೆ ಅವರನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ನೂರಾರು ಮಂದಿ ಸೋತವರಾಗುತ್ತಾರೆ. ಮಂಡಿ ಸವೆಯುವುದು ಸೋಲಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ತಲೆ ಆಡಿಸಿದರು, ಒಪ್ಪಲಿಲ್ಲ.

ಎರಡನೇ ಮಾತು ಸಡಿಲವಾದದ್ದು ಹೆಂಡತಿಯೂ ಜೊತೆಗೆ ಕುಳಿತ ದಿನ. ಅವತ್ತು ನಾನು ಮೇಳದ ಸುದ್ದಿ ಎತ್ತಲಿಲ್ಲ. "ಇಷ್ಟು ವರ್ಷ ಮಳೆಗಾಲದಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ.

"ಎಂತ ಇಲ್ಲ. ಸುಮ್ನೆ ಮನೆಯಲ್ಲಿ."

"ಸುಮ್ನೆಯಾ?" ಹೆಂಡತಿಯ ದನಿ ಏರಿತು. "ಬೆಂಗಳೂರಲ್ಲಿ ಮಳೆಗಾಲದಲ್ಲಿ ಯಕ್ಷಗಾನದ ಆಟ ಆಗ್ತದಲ್ಲ ಮೇಡಂ, ಅದಕ್ಕೆ ಯಾರ್ಯಾರು ಬೇಕು ಅಂತ ಫೋನ್ ಮಾಡೂದು ಇವರು. ಹಾಡುವ ಭಾಗವತರ ದಿನ ಹೊಂದಿಸೂದು ಇವರು. ಗಾಡಿ, ಊಟ, ವೇಷದ ಪೆಟ್ಟಿಗೆ, ಎಲ್ಲರ ಸಂಭಾವನೆ ಲೆಕ್ಕ, ಎಲ್ಲ ಇವರದ್ದೇ. ಒಬ್ಬ ಕೊನೇ ಗಳಿಗೆಯಲ್ಲಿ ಕೈ ಕೊಟ್ಟರೆ ಅರ್ಧ ತಾಸಲ್ಲಿ ಇನ್ನೊಬ್ಬನ್ನ ಹುಡುಕ್ತಾರೆ. ಅದಕ್ಕೆ ಒಂದು ರೂಪಾಯಿ ತಗೊಂಡದ್ದಿಲ್ಲ."

"ಅದು ಕೆಲಸವಾ ಮಾರಾಯ್ತಿ? ಅದು ಹಂಗೇ ಮಾಡೂದು."

ನಾನು ಕಾಗದ ತೆಗೆದು ಆಕೆ ಹೇಳಿದ್ದನ್ನೆಲ್ಲ ಬರೆದು ಅವರ ಮುಂದಿಟ್ಟೆ. ಅವರು ಓದಿದರು. ಖುಷಿಯಾಗುತ್ತಾರೆ ಎಂದು ಹೆಂಡತಿ ಕಾದಿದ್ದರು. ಅವರು ಅತ್ತರು. ತುಂಬಾ ಹೊತ್ತಾದ ಮೇಲೆ ಹೇಳಿದರು: "ಇದೆಲ್ಲ ಮಾಡಬಹುದು ಮೇಡಂ. ಆದರೆ ಹುಡುಗರು ಬಣ್ಣ ಹಚ್ಚಿಕೊಳ್ಳುವಾಗ ನಾನು ಚೌಕಿಯಲ್ಲಿ ಪ್ಯಾಂಟು ಹಾಕಿ, ಫೋನು ಹಿಡಿದು ನಿಲ್ಲಬೇಕು. ಚಂಡೆ ಕೇಳಿದರೆ ಕಾಲು ಎಳೀತದೆ. ಅದಕ್ಕೆಂತ ಮಾಡೂದು?"

ಇಲ್ಲಿಗೆ ಬರಲು ಅಷ್ಟು ದಿನ ಬೇಕಾಯಿತು. ಕೆಲಸ ಸಿಗದು ಎಂಬ ಭಯಕ್ಕಿಂತ ದೊಡ್ಡದು ಈ ನೋವು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಯಾರು ಎಲ್ಲಿ ಕೂರುತ್ತಾರೆ ಎಂಬುದಕ್ಕೂ ಬೆಲೆ ಇರುವ ಲೋಕ ಅದು. ಅಲ್ಲಿ ಗೆಜ್ಜೆ ಕಟ್ಟದೆ ನಿಲ್ಲುವುದೆಂದರೆ ಅವರಿಗೆ ಸತ್ತವರ ಮನೆಯಲ್ಲಿ ನಿಂತ ಹಾಗೆ. ಆ ಹೊತ್ತಿನಲ್ಲಿ ನಾನು ಯಾವ ಉಪಾಯವನ್ನೂ ಹೇಳಲಿಲ್ಲ. "ಎಳೆಯಲಿ. ಇಪ್ಪತ್ತು ವರ್ಷ ಕುಣಿದ ಕಾಲು ಎಳೆಯದೆ ಇರುತ್ತದಾ? ಅದಕ್ಕೆ ನಾಚಿಕೆ ಬೇಡ" ಎಂದೆ, ಅಷ್ಟೇ. ಹೆಂಡತಿ ಅವರ ಕೈ ಹಿಡಿದುಕೊಂಡರು.

ಮುಂದಿನ ಸಲ ಬಂದಾಗ ಸಲಹೆ ಕೊಟ್ಟೆ. ಮೊದಲು ಮೂಳೆ ವೈದ್ಯರು. ನೋವಿನ ಮಾತ್ರೆಯನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಜೊತೆಗೆ, ಮಂಡಿಯ ನಿಜ ಸ್ಥಿತಿ ತಿಳಿಯದೆ ಬಿಡುವುದನ್ನೂ ತೀರ್ಮಾನಿಸಬಾರದು, ಮುಂದುವರಿಯುವುದನ್ನೂ ತೀರ್ಮಾನಿಸಬಾರದು. ಎರಡನೆಯದು, ಹೆಂಡತಿಯ ಬಂಗಾರ ಅಡವಿಟ್ಟು ವೇಷಭೂಷಣದ ಬಾಡಿಗೆ ಅಂಗಡಿ ಹಾಕುವ ಯೋಚನೆ ಒಂದು ವರ್ಷ ಬೇಡ. ದುಃಖದಲ್ಲಿರುವಾಗ ಸಾಲ ಮಾಡಬಾರದು ಎನ್ನುವುದು ನನ್ನ ಗಟ್ಟಿ ನಂಬಿಕೆ. ಮೂರನೆಯದು, ಆಟ ಸಂಯೋಜಿಸುವ ಕೆಲಸಕ್ಕೆ ಮೊದಲೇ ಹೇಳಿ ಹಣ ತೆಗೆದುಕೊಳ್ಳಬೇಕು, ಲೆಕ್ಕ ಬರೆದಿಡಬೇಕು. ಇಷ್ಟು ದಿನ ಪುಕ್ಕಟೆ ಮಾಡಿದವನು ಈಗ ದುಡ್ಡು ಕೇಳುವುದು ಹೇಗೆ ಎಂದು ಒದ್ದಾಡಿದರು. ಕೇಳಬೇಕಾದ ಮಾತುಗಳನ್ನು ಕೋಣೆಯಲ್ಲೇ ಆಡಿಸಿ ಅಭ್ಯಾಸ ಮಾಡಿಸಿದೆ. ಆಮೇಲೆ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತು ಅರ್ಥ, ಅಂದರೆ ಪಾತ್ರದ ಮಾತು, ಹೇಳಿದರಾಯಿತು. ಅದರಲ್ಲಿ ಹಣ ಸಿಗದಿದ್ದರೂ ಹೋಗಿ ಎಂದೆ, ಏಕೆಂದರೆ ಚಂಡೆ ಮದ್ದಳೆಯ ಪಕ್ಕ ಅವರಿಗೆ ಒಂದು ಜಾಗ ಉಳಿಯಬೇಕಿತ್ತು.

"ಮಕ್ಕಳಿಗೆ ಕಲಿಸು ಎಂದು ಯಾಕೆ ಹೇಳಲಿಲ್ಲ? ಕಲೆ ಉಳಿಯುತ್ತಿತ್ತಲ್ಲ" ಎಂದು ಅವರ ಅಣ್ಣನೇ ನನ್ನನ್ನು ಕೇಳಿದ್ದಾರೆ. ಕಲಾವಿದನನ್ನು ಕಲೆಯಿಂದ ದೂರ ಮಾಡಿದಿರಿ ಎಂಬ ಮಾತೂ ಬಂತು. ನಾನು ಇದನ್ನು ಒಪ್ಪುವುದಿಲ್ಲ. ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಕಲಾಕೇಂದ್ರ ಕಟ್ಟಿದರು. ಕಲಿಸುವುದು ಎಷ್ಟು ಶ್ರಮದ, ಎಷ್ಟು ತಾಳ್ಮೆಯ ಕೆಲಸ ಎಂದು ಅಲ್ಲಿ ನೋಡಿದವರಿಗೆ ಗೊತ್ತು. ಕುಣಿಯಲು ಬಂದವರಿಗೆಲ್ಲ ಕಲಿಸಲು ಬರುವುದಿಲ್ಲ. ತನ್ನ ಮಂಡಿ ಬಗ್ಗದ ಸಂಕಟ ಆರುವ ಮೊದಲೇ ಹನ್ನೆರಡರ ಹುಡುಗನ ಎದುರು ನಿಂತರೆ, ಆ ಸಿಟ್ಟು ಹುಡುಗನ ಮೇಲೆ ಬೀಳುತ್ತದೆ. ಅದನ್ನೂ ನನ್ನ ಕೋಣೆಯಲ್ಲಿ ಕೇಳಿದ್ದೇನೆ, ಮಕ್ಕಳ ಬಾಯಿಂದ. ಕಲಿಸುವ ಆಸೆ ಅವರಲ್ಲೇ ಹುಟ್ಟಿದರೆ ಆಗ ನೋಡೋಣ.

ಬ್ರಿಟನ್ನಿನಲ್ಲಿ ನೃತ್ಯಗಾರರ ಮುಂದಿನ ಬದುಕಿಗೆಂದೇ 1973ರಲ್ಲಿ ನಿಧಿ ಶುರುವಾಯಿತು. ಕೆನಡಾದಲ್ಲಿ 1985ರಿಂದ ಅದಕ್ಕೊಂದು ಕೇಂದ್ರವಿದೆ. ಬ್ಯಾಲೆಯವರು ಮೂವತ್ತೈದರ ಸುಮಾರಿಗೆ ನಿಲ್ಲಿಸಬೇಕಾಗುತ್ತದೆ ಎಂಬುದನ್ನು ಅಲ್ಲಿ ಮುಚ್ಚಿಡುವುದಿಲ್ಲ. ಕುಣಿಯುತ್ತಿರುವಾಗಲೇ ಓದಲು, ಬೇರೆ ಕೆಲಸ ಕಲಿಯಲು ನೆರವು ಸಿಗುತ್ತದೆ. ನಮ್ಮಲ್ಲಿ ಕಲಾವಿದರ ಸರ್ಕಾರಿ ಮಾಸಾಶನಕ್ಕೆ 58 ಆಗಬೇಕು. ಪುಂಡುವೇಷದ ಮಂಡಿ ಅಲ್ಲಿಯವರೆಗೆ ಕಾಯುವುದಿಲ್ಲ. ನಡುವಿನ ಆ ವರ್ಷಗಳ ಮಾತನ್ನು ಮೇಳದಲ್ಲಿ ಯಾರೂ ಎತ್ತುವುದಿಲ್ಲ, ಮನೆಯಲ್ಲೂ ಎತ್ತುವುದಿಲ್ಲ. ಮೂವತ್ತರ ವೇಷಧಾರಿಗಳು ಇದನ್ನು ಓದುತ್ತಿದ್ದರೆ, ಈ ಮಳೆಗಾಲದಲ್ಲೇ ಮನೆಯವರ ಜೊತೆ ಕುಳಿತು ನಿಮಗೆ ಬರುವ ಬೇರೆ ಕೆಲಸಗಳನ್ನು ಬರೆದು ನೋಡಿ. ನೋವು ಶುರುವಾಗುವವರೆಗೆ ಕಾಯಬೇಡಿ.

ಇವರು ಕಳೆದ ಮಳೆಗಾಲದಲ್ಲಿ ಹಣ ಗೊತ್ತು ಮಾಡಿಕೊಂಡೇ ಆಟಗಳನ್ನು ಸಂಯೋಜಿಸಿದರು. ಇಬ್ಬರು ಹಳೆಯ ಗೆಳೆಯರು ಮುನಿಸಿಕೊಂಡರು, ಉಳಿದವರು ಕೊಟ್ಟರು. ತಾಳಮದ್ದಳೆಗೆ ಹೋಗುತ್ತಾರೆ. ಅಭಿಮನ್ಯು ಕಾಳಗದ ಆಟವಿದ್ದರೆ ಮಾತ್ರ ಈಗಲೂ ಆ ಕಡೆ ಹಾಯುವುದಿಲ್ಲ. ಈ ಸಲ ಮೇಳದವರು ಧರ್ಮರಾಯನ ವೇಷಕ್ಕೆ ಕೇಳಿದ್ದಾರಂತೆ, ಹೆಚ್ಚು ಕುಣಿತ ಇಲ್ಲದ್ದು. ಮೂಳೆ ವೈದ್ಯರ ಹತ್ತಿರ ಮಾತಾಡಿ ದೀಪಾವಳಿಯೊಳಗೆ ತಿಳಿಸುತ್ತೇನೆ ಎಂದಿದ್ದಾರೆ.