ಮಂಗಳೂರಿನ ಕ್ಲಿನಿಕ್‌ನಲ್ಲಿ ಹೇಳುವ ‘ಸ್ಕಿನ್ ಟೈಟನಿಂಗ್’ನಿಂದ ಆಪರೇಷನ್ ಇಲ್ಲದೆ ಚರ್ಮ ಬಿಗಿಯಾಗುತ್ತಾ?

ಆಗುತ್ತದೆ, ಆದರೆ ಸ್ವಲ್ಪ ಮಾತ್ರ. ಗಲ್ಲದ ಕೆಳಗೆ ಈಗಷ್ಟೇ ಜೋತುಬೀಳಲು ಶುರುವಾಗಿದ್ದರೆ ಗೊತ್ತಾಗುವಷ್ಟು ವ್ಯತ್ಯಾಸ ಸಿಗಬಹುದು. ಪೂರ್ತಿ ಇಳಿಬಿದ್ದಿದ್ದರೆ ಆಪರೇಷನ್ನೇ ಬೇಕು.

ರೇಡಿಯೋಫ್ರೀಕ್ವೆನ್ಸಿ (ರೇಡಿಯೋ ಅಲೆ) ಇರಲಿ, ಅಲ್ಟ್ರಾಸೌಂಡ್ (ಕಿವಿಗೆ ಕೇಳದ ಶಬ್ದದ ಅಲೆ) ಇರಲಿ, ಯಂತ್ರ ಮಾಡುವುದು ಚರ್ಮದ ಒಳಪದರವನ್ನು ಬಿಸಿ ಮಾಡುವ ಕೆಲಸ. ಚರ್ಮವನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನ್ ನಾರುಗಳು ಸುಮಾರು 60–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುದುಡುತ್ತವೆ, ಕಾವಲಿಗೆ ಹಾಕಿದ ಸಿಗಡಿ ಸುರುಟಿಕೊಂಡ ಹಾಗೆ. ದೇಹ ಅದನ್ನು ಗಾಯವೆಂದುಕೊಂಡು ಹೊಸ ಕೊಲಾಜೆನ್ ಕಟ್ಟುತ್ತದೆ. ಅದಕ್ಕೇ ಪೂರ್ತಿ ಫಲ ಕಾಣಲು 3ರಿಂದ 6 ತಿಂಗಳು ಬೇಕು. ಮುಂದಿನ ವಾರದ ಮದುವೆಗೆಂದು ಮಾಡಿಸಿದರೆ ಊದಿದ ಮುಖವೇ ಸಿಕ್ಕೀತು!

ಅಪಾಯವೂ ಇದೇ ಬಿಸಿಯಿಂದ. ಕೆಂಪಾಗುವುದು, ಊತ ಸಾಮಾನ್ಯ, ಬೇಗ ಇಳಿಯುತ್ತವೆ. ಬಿಸಿ ಜಾಸ್ತಿಯಾದರೆ ಸುಟ್ಟ ಗಾಯ. ಆಳ ತಪ್ಪಿದರೆ ಕೊಬ್ಬು ಕರಗಿ ಗುಳಿ ಬೀಳಬಹುದು, ನರಕ್ಕೆ ತಾಗಿ ಜೋಮು ಹಿಡಿಯಬಹುದು. ನಮ್ಮಂಥ ಕಂದು ಚರ್ಮದಲ್ಲಿ ಸುಟ್ಟ ಜಾಗ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುವುದುಂಟು, ಅದರ ಮೇಲೆ ಕರಾವಳಿಯ ಬಿಸಿಲು ಬೇರೆ. ಪೇಸ್‌ಮೇಕರ್ ಇದ್ದವರಿಗೆ ರೇಡಿಯೋಫ್ರೀಕ್ವೆನ್ಸಿ ಬೇಡ.

ಮಾಡಿಸುವುದೇ ಆದರೆ ಪಾರ್ಲರ್ ಬಿಟ್ಟು ಚರ್ಮದ ಡಾಕ್ಟರ ಹತ್ತಿರವೋ ಪ್ಲಾಸ್ಟಿಕ್ ಸರ್ಜನ್ ಹತ್ತಿರವೋ ಹೋಗಿ. ಯಂತ್ರ ಹಿಡಿಯುವವರು ಯಾರು ಅಂತ ಮೊದಲೇ ಕೇಳಿ.